ನಳಿಗೆಯ ಮೇಲಿನ ಕಪ್ಪು

ಕೊರಟಗೆರೆ ತಾಲ್ಲೂಕಿನ ಚನ್ನರಾಯನದುರ್ಗದ ಸುತ್ತಮುತ್ತ, ಮಧುಗಿರಿ ಗಡಿಗೆ ಅಂಟಿಕೊಂಡ ಊರುಗಳಲ್ಲಿ, ಬೆಳೆ ಕಾಯುವುದಕ್ಕೆಂದು ಲೈಸೆನ್ಸ್ ಪಡೆದ ಕೋವಿಗಳು ಇನ್ನೂ ಒಂದಷ್ಟು ಉಳಿದಿವೆ. ಕಡಲೆಕಾಯಿ ಹೊಲಕ್ಕೆ ಹಂದಿ ನುಗ್ಗುತ್ತದೆ, ಬೆಟ್ಟದಿಂದ ಕರಡಿ ಇಳಿಯುತ್ತದೆ. ಎರಡನ್ನೂ ಮನಸ್ಸಿಗೆ ಬಂದಂತೆ ಹೊಡೆಯುವ ಹಾಗಿಲ್ಲ. ಕೋವಿ ಸದ್ದು ಮಾಡುವುದಕ್ಕಷ್ಟೇ. ಹಾಗಾಗಿ ಅದು ವರ್ಷದ ಬಹುಪಾಲು ಮನೆಯ ಮೂಲೆಯಲ್ಲಿರುತ್ತದೆ, ಚುನಾವಣೆ ಬಂದರೆ ಠಾಣೆಯಲ್ಲಿರುತ್ತದೆ. ಅದರ ಯಜಮಾನನಿಗೆ ಹಂದಿಗಿಂತ ತುಕ್ಕಿನ ಜೊತೆಗೇ ಹೆಚ್ಚಿನ ಜಗಳ.

ಇಲ್ಲಿ ಮಾತಾಡುವವರಲ್ಲಿ ಒಬ್ಬರು ಅಂಥದೊಂದು ಜೋಡುನಳಿಗೆಯ ಯಜಮಾನರು, ಎಪ್ಪತ್ತು ದಾಟಿದವರು. ಇನ್ನೊಬ್ಬ ಅವರ ತಂಗಿಯ ಮಗ. ಶಿರಾದವನು, ಪೀಣ್ಯದಲ್ಲಿ ಲೋಹಕ್ಕೆ ಲೇಪ ಹಾಕುವ ಕಾರ್ಖಾನೆಯಲ್ಲಿ ಕೆಲಸ. ನಾನು ಜಗಲಿಯಲ್ಲಿ ಕೂತು ಕೇಳಿಸಿಕೊಂಡವನು.

ಅಳಿಯ: ಮಾವ, ಈ ನಳಿಗೆ ನೋಡಿ. ಕೈ ಹಿಡಿಯೋ ಕಡೆಯೆಲ್ಲ ಕಪ್ಪು ಹೋಗಿ ಬೆಳ್ಳಗಾಗಿದೆ. ಒಂದು ಒಳ್ಳೆ ಕೋಟಿಂಗ್ ಹಾಕಿಸಿಬಿಟ್ಟರೆ ನಿಮ್ಮ ಮೊಮ್ಮಕ್ಕಳ ಕಾಲಕ್ಕೂ ಚಿಂತೆ ಇರಲ್ಲ.

ಮಾವ: ಬೆಳ್ಳಗಾಗಿದೆ ಸರಿ. ತುಕ್ಕು ಹಿಡಿದಿದೆಯಾ?

ಅಳಿಯ: ಇನ್ನೂ ಇಲ್ಲ.

ಮಾವ: ಮತ್ತೆ? ನಮ್ಮಪ್ಪ ಇದನ್ನ ತಂದಾಗಿನಿಂದ ಹೊಲಿಗೆ ಮಿಷನ್ ಎಣ್ಣೆ ಒರೆಸ್ಕೊಂಡು ಬಂದಿದೀವಿ. ಇದನ್ನ ಮಾಡಿದ ಇಂಗ್ಲೆಂಡಿನವನು ಹಾಕಿದ ಕಪ್ಪು ಇಷ್ಟು ದಿನ ಕಾಪಾಡಿಲ್ವಾ?

ಅಳಿಯ: ಕಾಪಾಡಿದ್ದು ಎಣ್ಣೆ ಮಾವ, ಕಪ್ಪಲ್ಲ. ಆ ಕಪ್ಪಿನ ದಪ್ಪ ಹೆಚ್ಚುಕಡಿಮೆ 1 ಮೈಕ್ರಾನು. ನಿಮ್ಮ ತಲೆಕೂದಲು ಅದಕ್ಕಿಂತ ಐವತ್ತು ಪಟ್ಟು ದಪ್ಪ ಇರುತ್ತೆ. ಅದಕ್ಕೆ ಬ್ಲೂಯಿಂಗ್ ಅಂತಾರೆ, ಆದ್ರೆ ಅದೂ ಒಂದು ಜಾತಿಯ ತುಕ್ಕೇ. ಹಳೇ ಕಾಲದಲ್ಲಿ ನಳಿಗೆಗೆ ಬೇಕಂತಲೇ ಕೆಂಪು ತುಕ್ಕು ಹಿಡಿಸಿ, ಕುದಿಯೋ ನೀರಲ್ಲಿ ಮುಳುಗಿಸಿ ಅದನ್ನ ಕಪ್ಪು ಮಾಡಿ, ಮೇಲಿನ ಪುಡಿ ಉಜ್ಜಿ ತೆಗೆದು, ತಿರುಗ ತುಕ್ಕು ಹಿಡಿಸೋರು. ಹೀಗೆ ದಿನಗಟ್ಟಲೆ. ಕೊನೆಗೆ ಉಳಿಯೋದು ಕಬ್ಬಿಣದ ಕಪ್ಪು ಆಕ್ಸೈಡು, ಮ್ಯಾಗ್ನೆಟೈಟು. ಎಣ್ಣೆನ ಹಿಡಿದಿಟ್ಟುಕೊಳ್ಳೋದು ಬಿಟ್ಟರೆ ಅದಕ್ಕೆ ಬೇರೆ ಶಕ್ತಿ ಇಲ್ಲ.

ಮಾವ: ಮ್ಯಾಗ್ನೆಟೈಟು ಅಂದ್ರೆ ಅಯಸ್ಕಾಂತಕ್ಕೆ ಅಂಟೋ ಕಪ್ಪು ಮರಳಲ್ವೇನೋ? ಮಳೆ ಬಂದ ಮಾರನೇ ದಿನ ಹಳ್ಳದಲ್ಲಿ ಗೆರೆಗೆರೆಯಾಗಿ ಕೂತಿರುತ್ತಲ್ಲ, ಅದು.

ಅಳಿಯ: ಅದೇ.

ಮಾವ: ಹಂಗಾದ್ರೆ ಅದನ್ನ ಹಗುರವಾಗಿ ಮಾತಾಡಬೇಡ. ಟಿಪ್ಪು ಸತ್ತ ಮಾರನೇ ವರ್ಷ, 1800ರಲ್ಲಿ, ಬುಕಾನನ್ ಅನ್ನೋ ಡಾಕ್ಟರು ಈ ಕಡೆಯೆಲ್ಲ ತಿರುಗಿದ್ದ. ಮಧುಗಿರಿ ಸೀಮೆಯವರು ಆ ಮರಳನ್ನ ಕುಲುಮೆಗೆ ಹಾಕಿ ಕಬ್ಬಿಣ ಇಳಿಸ್ತಿದ್ದದ್ದು, ಆ ಕಬ್ಬಿಣದಿಂದ ಉಕ್ಕು ಮಾಡ್ತಿದ್ದದ್ದು, ಎಲ್ಲ ಬರೆದಿಟ್ಟಿದಾನೆ. ಎಷ್ಟು ಮಳೆ ಬಂದ್ರೂ ಆ ಮರಳು ಮಾತ್ರ ಕೆಂಪಾಗಿ ಕರಗಿ ಹೋಗಲ್ಲ. ಹಳ್ಳದಲ್ಲಿ ಬಾಳೋದು ನಳಿಗೆ ಮೇಲೆ ಯಾಕೆ ಬಾಳಲ್ಲ?

ಅಳಿಯ: ಅಲ್ಲಿ ಅದು ಇಡೀ ಕಾಳು, ಇಲ್ಲಿ ತೂತುತೂತಾದ ಪೊರೆ. ಆ ತೂತಿನೊಳಗೆ ನೀರು ಇಳಿದರೆ ಕೆಳಗಿನ ಉಕ್ಕು ಬೆತ್ತಲೆ. ನಮ್ಮಲ್ಲಿ ಉಪ್ಪುಮಂಜಿನ ಪೆಟ್ಟಿಗೆ ಅಂತ ಒಂದಿದೆ. 100ಕ್ಕೆ 5 ಭಾಗ ಉಪ್ಪು ಬೆರೆಸಿದ ನೀರನ್ನ 35 ಡಿಗ್ರಿ ಶಾಖದಲ್ಲಿ ಹಗಲೂ ರಾತ್ರಿ ಮಂಜಿನ ಹಾಗೆ ಬಿಡ್ತೀವಿ. ಎಣ್ಣೆ ಇಲ್ಲದ ಬ್ಲೂಯಿಂಗ್ ಕೆಲವೇ ಗಂಟೆಯಲ್ಲಿ ಕೆಂಪಾಗುತ್ತೆ. ಒಳ್ಳೆ ಸೆರಾಮಿಕ್ ಲೇಪ ವಾರಗಟ್ಟಲೆ ಅಲ್ಲಾಡಲ್ಲ.

ಮಾವ: ನಮ್ಮೂರಿಗೆ ಸಮುದ್ರ ಎಲ್ಲಿಂದ ಬಂತೋ? ಪಾವಗಡಕ್ಕೆ ಹೋಗಿ ನೋಡು. ಮಳೆಯೇ ಕಾಣದ ಸೀಮೆ. ಅಲ್ಲಿ ತುಪಾಕಿ ಇಟ್ಟುಕೊಂಡವರು ಎಣ್ಣೆನೂ ಹಾಕಲ್ಲ, ಆದ್ರೂ ಏನೂ ಆಗಿಲ್ಲ.

ಅಳಿಯ: ಅದು ಗಾಳಿಯ ಗುಣ. ಗಾಳಿಯಲ್ಲಿ ತೇವ ನೂರಕ್ಕೆ ಅರವತ್ತು ದಾಟೋವರೆಗೆ ಉಕ್ಕಿಗೆ ತುಕ್ಕು ಹಿಡಿಯೋದು ತೀರಾ ನಿಧಾನ. ಅದೇ ಕೋವಿನ ಆಷಾಢದಲ್ಲಿ ಮಡಿಕೇರಿಗೆ ತಗೊಂಡು ಹೋಗಿ ನಾಲ್ಕು ದಿನ ಗೋಡೆಗೆ ಒರಗಿಸಿಡಿ. ಕೊಡವರು ಭತ್ತದ ನಾಟಿ ಮುಗಿಸಿ ಕೈಲ್ ಪೊಳ್ದ್ ದಿನ ಕೋವಿ ಹೊರಗೆ ತೆಗೆದು ಪೂಜೆಗೆ ಇಡ್ತಾರಲ್ಲ, ಆ ಮಳೆಗಾಲದಲ್ಲಿ ಅದನ್ನ ಒರೆಸಿ ಒರೆಸಿ ಸಾಕಾಗಿರುತ್ತೆ ಅವರಿಗೆ. ನಿಮ್ಮ ಎಣ್ಣೆ ಗೆದ್ದಿರೋದು ಬರಗಾಲದ ಎದುರಿಗೆ.

ಮಾವ: ಕೊಡಚಾದ್ರಿಯಲ್ಲಿ ಮೂಕಾಂಬಿಕೆ ಗುಡಿ ಮುಂದೆ ಕಬ್ಬಿಣದ ಕಂಬ ಇದೆಯಲ್ಲ. ಅಲ್ಲಿನ ಮಳೆ ನಿನಗೆ ಗೊತ್ತು. ಅದಕ್ಕೆ ಯಾವ ಪೀಣ್ಯದವನು ಕೋಟಿಂಗ್ ಹಾಕಿದ?

ಅಳಿಯ: ಕಂಬಕ್ಕೆ ಒಂದು ಪದರ ತುಕ್ಕು ಹೋದ್ರೆ ಏನೂ ನಷ್ಟ ಇಲ್ಲ. ನಳಿಗೆ ಬೆನ್ನಲ್ಲಿ ಗುಳಿ ಬಿದ್ದರೆ ಗೋಡೆ ತೆಳುವಾಗುತ್ತೆ. ಅದರೊಳಗೆ ಸಿಡಿಯೋದು ಮದ್ದು.

(ಈ ಮಾತಿಗೆ ಹಿರಿಯರು ಉತ್ತರ ಕೊಡಲಿಲ್ಲ. ಕೋವಿಯನ್ನು ಮಡಚಿ ತೆರೆದು, ಎರಡೂ ನಳಿಗೆ ಖಾಲಿ ಇರುವುದನ್ನು ಮತ್ತೊಮ್ಮೆ ನೋಡಿ, ಬೆಳಕಿಗೆ ಹಿಡಿದು ನನಗೆ ತೋರಿಸಿದರು. ಒಳಗೆ ಹೊಳೆಯುತ್ತಿತ್ತು. ಹೊರಗಿನ ಲೋಹದ ಮೇಲೆ, ಕುದುರೆಗಳ ಪಕ್ಕದಲ್ಲಿ, ಬೆರಳಚ್ಚಿನ ಅಗಲದ ಎರಡು ಮಾಸಲು ಕಲೆಗಳಿದ್ದವು. ಒರೆಸಿದರೆ ಹೋಗುವಂಥವಲ್ಲ.)

ಅಳಿಯ: ಅದೇನು ಗೊತ್ತಾ? ಆಯುಧಪೂಜೆ.

ಮಾವ: ಕುಂಕುಮ ಇಟ್ಟಿದ್ದು. ಪ್ರತಿ ವರ್ಷ ಅದೇ ಜಾಗಕ್ಕೇ ಇಡ್ತೀವಿ. ಇಟ್ಟರೆ ತಪ್ಪೇನು?

ಅಳಿಯ: ತಪ್ಪು ಅಂದೆನಾ? ಒದ್ದೆ ಕುಂಕುಮ, ಅದರ ಮೇಲೆ ಹೂವು, ಹೂವಿನ ಮೇಲೆ ನೀರು. ದಶಮಿ ಕಳೆದು ಮೂರು ದಿನ ಹಾಗೇ ಇರುತ್ತೆ. ಸಾಲದ್ದಕ್ಕೆ ಪಕ್ಕದಲ್ಲೇ ನಿಂಬೆಹಣ್ಣು ಕೊಯ್ದು ಇಡ್ತೀರಿ. ಬ್ಲೂಯಿಂಗ್‌ಗೆ ಮಳೆಗಿಂತ ದೊಡ್ಡ ಶತ್ರು ಹುಳಿ. ಹುಳಿ ಬಿದ್ದ ಕಡೆ ಕಪ್ಪು ಕರಗಿ ಬರೀ ಉಕ್ಕು ಉಳಿಯುತ್ತೆ.

ಮಾವ: ಅದೊಂದು ನಿಜ. ನಮ್ಮ ಪಕ್ಕದ ಮನೆಯದು ಹಂಗೇ ಆಯ್ತು. ನೆಂಟರ ಹುಡುಗ ಒಬ್ಬ ಬಂದಿದ್ದ. ಕೋವಿ ಮಂಕಾಗಿದೆ ಅಂತ ಹಿತ್ತಾಳೆ ಬಿಂದಿಗೆ ತೊಳೆಯೋ ಹಾಗೆ ಹುಣಸೆಹಣ್ಣು ಹಾಕಿ ಉಜ್ಜಿಬಿಟ್ಟ. ಸಂಜೆ ಹೊತ್ತಿಗೆ ಬೆಳ್ಳಿ ದೊಣ್ಣೆ ಆಗಿತ್ತು. ಮನೆಯವರೆಲ್ಲ ಖುಷಿಪಟ್ಟರು, ಹೊಸದಾಯ್ತು ಅಂತ. ಹದಿನೈದು ದಿನಕ್ಕೆ ಮೈಯೆಲ್ಲ ಕೆಂಪು.

ಅಳಿಯ: ಆಮೇಲೆ?

ಮಾವ: ಆಮೇಲೆ ಯಾರ ಮಾತು ಕೇಳಿಯೋ ನಿಕಲ್ ಕಟ್ಟಿಸಿದರು. ಪಾತ್ರೆಗೆ ಕಲಾಯಿ ಹಾಕಿಸಿದ ಹಾಗೆ ಫಳಫಳ ಅಂತಿತ್ತು. ಕೆಲವು ವರ್ಷ ಆದ ಮೇಲೆ ಒಂದು ಕಡೆ ಬೊಬ್ಬೆ ಎದ್ದಿತು. ಉಗುರಲ್ಲಿ ಕೆರೆದರೆ ಸಿಪ್ಪೆ ಹಾಗೆ ಎದ್ದು ಬಂತು, ಕೆಳಗೆ ಬೆರಳು ಇಳಿಯೋ ಅಷ್ಟು ಗುಳಿ. ಅದಕ್ಕೇ ನಿನ್ನ ಕೋಟಿಂಗ್ ಅಂದ್ರೆ ನನಗೆ ಭಯ. ಎಣ್ಣೆ ಒಣಗಿದ್ರೆ ಕಣ್ಣಿಗೆ ಕಾಣುತ್ತೆ. ನಿಕಲ್ ಕೆಳಗೆ ಏನು ನಡೀತಿದೆ ಅಂತ ಯಾರಿಗೆ ಗೊತ್ತು?

ಅಳಿಯ: ಅದಕ್ಕೆ ಕಾರಣ ಇದೆ. ನಿಕಲ್ಲು, ಕ್ರೋಮು ಇವೆಲ್ಲ ಉಕ್ಕಿಗಿಂತ ಗಟ್ಟಿ ಜೀವ. ಎಲ್ಲಾದರೂ ಸೂಜಿ ಮೊನೆಯಷ್ಟು ತೂತಿದ್ದರೆ ನೀರು ಇಳಿದು ಎರಡೂ ಲೋಹದ ಮಧ್ಯೆ ವಿದ್ಯುತ್ತು ಹರಿಯುತ್ತೆ, ಸಾಯೋದು ಉಕ್ಕು. ಸತು ಅದಕ್ಕೆ ತದ್ವಿರುದ್ಧ. ಗೀರಿದರೂ ತಾನು ಸವೆದು ಉಕ್ಕನ್ನ ಉಳಿಸುತ್ತೆ. ಪಾವಗಡದ ತಿರುಮಣಿ ಸೋಲಾರ್ ಪಾರ್ಕಿನಂಥ ಕಡೆ ಬಯಲಲ್ಲಿ ನಿಲ್ಲೋ ಕಬ್ಬಿಣದ ಕಾಲುಗಳಿಗೆ ಸತುವಿನ ಲೇಪ ಕೊಡೋದು ಅದಕ್ಕೇ.

ಮಾವ: ಅದನ್ನೇ ಕೋವಿಗೂ ಬಳಿಯಪ್ಪ ಮತ್ತೆ.

ಅಳಿಯ: 450 ಡಿಗ್ರಿ ಕಾಯ್ದ ಸತುವಿನಲ್ಲಿ ನಿಮ್ಮ ಜೋಡುನಳಿಗೆ ಅದ್ದಿದರೆ ಎರಡು ನಳಿಗೆ ಎರಡು ದಿಕ್ಕಿಗೆ ಹೋಗುತ್ತೆ. ಹಳೇ ಮಾಲಿನಲ್ಲಿ ನಳಿಗೆ ಮಧ್ಯದ ಪಟ್ಟಿನ ಸೀಸ-ತವರದ ಬೆಸುಗೆಯಲ್ಲಿ ಕೂರಿಸಿರ್ತಾರೆ. ಅದು 200 ಡಿಗ್ರಿ ಆಸುಪಾಸಿನಲ್ಲೇ ಕರಗುತ್ತೆ.

ಮಾವ: ಈಗಿನ ಪಿಸ್ತೂಲಿಗೆ ಅದೇನೋ ಉಕ್ಕಿನೊಳಕ್ಕೇ ಇಳಿಸ್ತಾರಂತಲ್ಲ?

ಅಳಿಯ: ನೈಟ್ರೈಡಿಂಗ್. ಸಾರಜನಕ, ಇಂಗಾಲ ಎರಡನ್ನೂ ಉಕ್ಕಿನ ಮೈಯೊಳಗೆ ಇಳಿಸೋದು. ಆಸ್ಟ್ರಿಯಾದ ಗ್ಲಾಕ್ ಪಿಸ್ತೂಲಿನಿಂದ ಅದಕ್ಕೆ ಹೆಸರು ಬಂತು. ಸುಲಿದು ಬರೋ ಪ್ರಶ್ನೆಯೇ ಇಲ್ಲ, ಮೇಲೆ ಬಳಿದದ್ದಲ್ಲವಲ್ಲ. ಆದ್ರೆ ಅದಕ್ಕೂ 500 ಡಿಗ್ರಿ ಮೇಲೆ ಶಾಖ ಬೇಕು.

ಮಾವ: ಅಂದ್ರೆ ಅದೂ ಆಗಲ್ಲ.

ಅಳಿಯ: ಆಗಲ್ಲ. ಈಗಿನ ಬಿಸಿ ಬ್ಲೂಯಿಂಗ್ ಕೂಡ ಆಗಲ್ಲ. ಅದು ಕಾಸ್ಟಿಕ್ ಸೋಡಾದ ತೊಟ್ಟಿ, 140 ಡಿಗ್ರಿ ಸುಮಾರು. ಬೆಸುಗೆ ಕರಗಲ್ಲ ನಿಜ, ಆದ್ರೆ ಕಾಸ್ಟಿಕ್ ಅದನ್ನ ತಿನ್ನುತ್ತೆ. ಪಟ್ಟಿಯ ಸಂದಿಯೊಳಗೆ ಸೇರಿಕೊಂಡ ಉಪ್ಪು ಆಚೆ ಬರಲ್ಲ, ಒಳಗೊಳಗೇ ಕೊರೀತಾ ಇರುತ್ತೆ. ಗೊತ್ತಿಲ್ಲದವರು ಒಳ್ಳೊಳ್ಳೆ ಜೋಡುನಳಿಗೆಗಳನ್ನ ಹೀಗೇ ಹಾಳು ಮಾಡಿದಾರೆ.

ಮಾವ: ನೀನೇ ಒಂದೊಂದಾಗಿ ಎಲ್ಲದಕ್ಕೂ ಗೆರೆ ಎಳೀತಾ ಇದೀಯಲ್ಲೋ!

ಅಳಿಯ: ಸೆರಾಮಿಕ್ ಸ್ಪ್ರೇ ಉಳೀತು. 120 ಡಿಗ್ರಿಯಲ್ಲಿ ಒಂದೆರಡು ಗಂಟೆ ಬೇಯಿಸಿದರೆ ಸಾಕು, ಬೆಸುಗೆಗೆ ಏನೂ ಆಗಲ್ಲ. ದಪ್ಪ 25 ಮೈಕ್ರಾನ್ ಸುಮಾರು. ಹುಳಿಗೂ ಜಗ್ಗಲ್ಲ, ನಿಮ್ಮ ಕುಂಕುಮಕ್ಕೂ ಜಗ್ಗಲ್ಲ.

ಮಾವ: ಬಳಿಯೋಕೆ ಮುಂಚೆ?

ಅಳಿಯ: ಮರಳು ಊದಿ ಮೈ ಒರಟು ಮಾಡಬೇಕು. ಇಲ್ಲದಿದ್ದರೆ ಹಿಡಿಯಲ್ಲ.

ಮಾವ: ಮರಳು ಊದಿದ್ರೆ ಈ ನಂಬರು? ಇಲ್ಲಿ ನಳಿಗೆ ಕೆಳಗೆ ಒತ್ತಿರೋ ಪರೀಕ್ಷೆ ಮುದ್ರೆ? ಲೈಸೆನ್ಸ್ ಪುಸ್ತಕದಲ್ಲಿರೋದೂ ಇದೂ ತಾಳೆಯಾಗದಿದ್ದರೆ ನಾನು ಜೈಲಿಗೆ, ನೀನು ಪೀಣ್ಯಕ್ಕೆ.

ಇಲ್ಲಿ ಒಂದು ಮಾತು ನಾನು ಸೇರಿಸಲೇಬೇಕು, ಏಕೆಂದರೆ ಇಬ್ಬರೂ ಅದನ್ನು ಅರ್ಧಕ್ಕೇ ಬಿಟ್ಟರು. 1959ರ ಶಸ್ತ್ರಾಸ್ತ್ರ ಕಾಯ್ದೆಯ 8ನೇ ಕಲಮು ಕೋವಿಯ ಮೇಲಿನ ಗುರುತನ್ನು ಅಳಿಸುವುದನ್ನೂ ತಿದ್ದುವುದನ್ನೂ ನಿಷೇಧಿಸುತ್ತದೆ. ರಿಪೇರಿ ವ್ಯಾಪಾರಕ್ಕೂ ಅದೇ ಕಾಯ್ದೆಯ ಕೆಳಗೆ ಬೇರೆ ಲೈಸೆನ್ಸ್ ಬೇಕು. ಕಾರಿನ ಬಂಪರಿಗೆ ಲೇಪ ಹಾಕುವ ಕಾರ್ಖಾನೆಗೆ ಕೋವಿಯನ್ನು ಒಯ್ದು ಕೊಡುವಂತಿಲ್ಲ, ಎಷ್ಟೇ ಒಳ್ಳೆಯ ಯಂತ್ರ ಅಲ್ಲಿದ್ದರೂ. ಅಳಿಯನ ಉತ್ಸಾಹದಲ್ಲಿ ನನಗೆ ಕಂಡ ದೊಡ್ಡ ಬಿರುಕು ಇದು. ಲೋಹವಿಜ್ಞಾನದಲ್ಲಿ ಅವನು ಎಲ್ಲೂ ತಪ್ಪಿರಲಿಲ್ಲ.

ಅಳಿಯ: ಲೈಸೆನ್ಸ್ ಇರೋ ರಿಪೇರಿಯವರ ಹತ್ತಿರವೇ ಮಾಡಿಸೋಣ. ನಂಬರಿನ ಜಾಗಕ್ಕೆ ಟೇಪು ಹಾಕಿ ಮುಚ್ಚಿ ಉಳಿದ ಕಡೆ ಊದ್ತಾರೆ. ಅದಿರಲಿ, ನಾನೊಂದು ಕೇಳ್ತೀನಿ. ಈ ಕೆಳಗಿನ ಮರದ ಪಟ್ಟಿನ ಬಿಚ್ಚಿ ಎಷ್ಟು ವರ್ಷ ಆಯ್ತು?

ಮಾವ: ಅದನ್ನ ಯಾಕೆ ಬಿಚ್ಚಬೇಕು?

(ಬಿಚ್ಚಿದರು. ಮರಕ್ಕೆ ಆತುಕೊಂಡಿದ್ದ ನಳಿಗೆಯ ಹೊಟ್ಟೆಯ ಮೇಲೆ, ಮೇಲಿನಿಂದ ಎಂದೂ ಕಾಣದ ಜಾಗದಲ್ಲಿ, ರಾಗಿಕಾಳಿನಷ್ಟಗಲದ ಗುಳಿಗಳು ಸಾಲಾಗಿದ್ದವು. ಕೆಲವು ಒಂದಕ್ಕೊಂದು ಕೂಡಿಕೊಂಡು ಪುಟ್ಟ ಕಂದು ತೇಪೆಗಳಾಗಿದ್ದವು. ಹಿರಿಯರು ಉಗುರಿನ ತುದಿಯನ್ನು ಒಂದೊಂದಕ್ಕೂ ತಾಗಿಸಿ ನೋಡಿದರು.)

ಅಳಿಯ: ನಿಮ್ಮ ಎಣ್ಣೆ ಬಟ್ಟೆ ಇಲ್ಲಿಗೆ ಬಂದೇ ಇಲ್ಲ ಮಾವ. ಮಳೆಯಲ್ಲಿ ಹೊಲಕ್ಕೆ ಹೋಗಿ ಬಂದಾಗ ನೀರು ಮರದ ಒಳಗೆ ಇಳಿದಿದೆ, ಮರ ಅದನ್ನ ಹಿಡ್ಕೊಂಡು ಕೂತಿದೆ. ನಿಕಲ್ ಕೆಳಗೆ ಏನು ನಡೀತಿದೆ ಗೊತ್ತಾಗಲ್ಲ ಅಂದ್ರಿ. ಮರದ ಕೆಳಗೆ ನಡೀತಿದ್ದದ್ದು ಗೊತ್ತಿತ್ತಾ?

ಮಾವ: ಇಲ್ಲ. ಒಪ್ಪಿದೆ. ಆದ್ರೆ ನಳಿಗೆ ಒಳಗೆ ಯಾಕೆ ಇಷ್ಟು ಸ್ವಚ್ಛವಾಗಿದೆ ಹೇಳು. ಅಲ್ಲಿ ಬ್ಲೂಯಿಂಗ್ ಇಲ್ಲ, ಕ್ರೋಮ್ ಇಲ್ಲ. ಬರೀ ಉಕ್ಕು. ಅಪ್ಪನಿಗೆ ಅದಕ್ಕೂ ಮುಂಚೆ ಕೇಪಿನ ಕೋವಿ ಇತ್ತು. ಪೆಟ್ಲುಪ್ಪು, ಗಂಧಕ, ಇದ್ದಿಲಿನ ಮದ್ದು. ಒಂದು ಈಡು ಹೊಡೆದರೂ ಸರಿ, ರಾತ್ರಿ ಎಷ್ಟು ಹೊತ್ತಾಗಿದ್ದರೂ ಸರಿ, ನೀರು ಕಾಯಿಸಿ ನಳಿಗೆಯೊಳಗೆ ಹೊಯ್ದು, ಗಜಕ್ಕೆ ಬಟ್ಟೆ ಸುತ್ತಿ ಎಳೆದು, ಒಣಗಿದ ಮೇಲೇ ಎಣ್ಣೆ. ನೀರು ಹಾಕದೆ ಎಣ್ಣೆ ಮುಟ್ಟಬೇಡ ಅನ್ನೋರು. ಈ ಕೋವಿ ಬಂದ ಮೇಲೂ ಹಳೇ ತೋಟಾಗಳಿಗೆ ಅದೇ ಕ್ರಮ.

ಅಳಿಯ: ಅದು ನೂರಕ್ಕೆ ನೂರು ಸರಿ. ಕರಿಮದ್ದು ಉರಿದ ಮೇಲೆ ಉಳಿಯೋದು ಹೆಚ್ಚಾಗಿ ಪೊಟ್ಯಾಸಿಯಂ ಲವಣಗಳು, ಗಾಳಿಯ ತೇವ ಎಳ್ಕೊಳ್ಳೋ ಜಾತಿ. ಹಳೇ ತೋಟಾದ ಕೇಪಿನಿಂದ ಬರೋದು ಪೊಟ್ಯಾಸಿಯಂ ಕ್ಲೋರೈಡು, ಅಡುಗೆ ಉಪ್ಪಿನ ಸೋದರ. ಎಣ್ಣೆಯಲ್ಲಿ ಉಪ್ಪು ಕರಗಲ್ಲ. ನೀರೇ ಬೇಕು. ಇದನ್ನ ನಿಮ್ಮಪ್ಪನಿಗೆ ಯಾರು ಹೇಳಿಕೊಟ್ಟರು?

ಮಾವ: ಅವರಪ್ಪ. ಇನ್ಯಾರು?

ಅಳಿಯ: ಈಗ ಯಾವ ನೀರು ಕಾಯಿಸ್ತೀರಿ?

ಮಾವ: ಬೋರಿನದು.

ಅಳಿಯ: ಪಾತ್ರೆ ತಳದಲ್ಲಿ ಬಿಳಿ ಪೊರೆ ಕಟ್ಟುತ್ತಲ್ಲ, ಅದೇ ನೀರು. ಒಂದು ಉಪ್ಪು ತೊಳೆಯೋಕೆ ಇನ್ನೊಂದು ಉಪ್ಪು. ಊರಲ್ಲಿ ಶುದ್ಧ ನೀರಿನ ಘಟಕ ಇದೆ, ಒಂದು ಕ್ಯಾನು ತಂದಿಡಿ.

ಮಾವ: ಕೋವಿಗೆ ಕ್ಯಾನ್ ನೀರು! ಆಗಲಿ. ನಿನ್ನ ಕೋಟಿಂಗ್‌ಗಿಂತ ಅದೇ ಅಗ್ಗ.

ಅಳಿಯ: ನೋಡಿ, ಕಾಳಜಿ ಇದ್ದರೆ ಸಾಕು, ಲೇಪ ಬೇಡ ಅನ್ನೋದು ನಿಮ್ಮ ವಾದ. ವಿಯೆಟ್ನಾಂ ಯುದ್ಧದಲ್ಲಿ ಅಮೆರಿಕದವರು ಎಂ-16 ಬಂದೂಕು ಕೊಟ್ಟರು, 1960ರ ದಶಕದಲ್ಲಿ. ಅದರ ನಳಿಗೆ ಒಳಗೆ, ತೋಟಾ ಕೂರೋ ಮನೆಯಲ್ಲಿ, ಕ್ರೋಮ್ ಇರಲಿಲ್ಲ. ಆ ಮಳೆಕಾಡಿನಲ್ಲಿ ಗುಳಿ ಬಿದ್ದು, ಹೊಡೆದ ತೋಟಾ ಆಚೆ ಬರದೆ ಸಿಕ್ಕಿಕೊಂಡು, ಹುಡುಗರು ಕೈಯಲ್ಲಿ ಕೆಲಸಕ್ಕೆ ಬಾರದ ಬಂದೂಕು ಹಿಡ್ಕೊಂಡು ಸತ್ತರು. ಕ್ರೋಮ್ ಹಾಕಿದ ಮೇಲೆ ಸರಿಹೋಯ್ತು.

ಮಾವ: ಬರೀ ಕ್ರೋಮಿನಿಂದಲಾ?

ಅಳಿಯ: ಮದ್ದೂ ಬದಲಾಗಿತ್ತು, ಕೆಟ್ಟದ್ದಕ್ಕೆ ಅದೂ ಒಂದು ಕಾರಣ.

ಮಾವ: ಇನ್ನೂ ಏನೋ ನುಂಗ್ತಾ ಇದೀಯ.

ಅಳಿಯ: ಈ ಬಂದೂಕಿಗೆ ಒರೆಸೋ ಕೆಲಸವೇ ಇಲ್ಲ ಅಂತ ಸೈನಿಕರಿಗೆ ಹೇಳಿದ್ದರು. ಒರೆಸೋ ಸಾಮಾನೂ ಸಾಕಷ್ಟು ಕೊಟ್ಟಿರಲಿಲ್ಲ. ಆಮೇಲೆ ಅದನ್ನೂ ಕೊಟ್ಟರು.

ಮಾವ: ಹಾಂ. ಹೊಸ ವಸ್ತು, ಏನೂ ಮಾಡಬೇಕಾಗಿಲ್ಲ ಅಂದಿದ್ದಕ್ಕೇ ಕೆಟ್ಟಿದ್ದು. ನೀನು ಈಗ ನನಗೆ ಹೇಳ್ತಿರೋದೂ ಅದೇ ಮಾತು.

ಅಳಿಯ: ಅಲ್ಲ ಮಾವ. ಒರೆಸೋ ಕೈ ಯಾವತ್ತೂ ಇರಲ್ಲ ಅನ್ನೋದಕ್ಕೇ ಅಲ್ಲಿ ಲೇಪ ಬೇಕಾಯ್ತು. ಹೋದ ಲೋಕಸಭೆ ಚುನಾವಣೆ ನೆನಪು ಮಾಡ್ಕೊಳ್ಳಿ. 2024ರ ಮಾರ್ಚ್ 16ಕ್ಕೆ ನೀತಿ ಸಂಹಿತೆ ಬಂತು, ನಮ್ಮ ತುಮಕೂರಿಗೆ ಏಪ್ರಿಲ್ 26ಕ್ಕೆ ಮತದಾನ, ಎಣಿಕೆ ಜೂನ್ 4. ಅಷ್ಟು ದಿನ ಕೋವಿ ನಿಮ್ಮ ಕೈಯಲ್ಲಿರಲಿಲ್ಲ. ಎಣ್ಣೆ ಒರೆಸೋಕೆ ಠಾಣೆಗೆ ಹೋದ್ರಾ?

ಮಾವ: ಹೋಗೋಕೆ ಬಿಡ್ತಾರಾ? ಕೊಡೋ ಮುಂಚೆ ಗ್ರೀಸ್ ಬಳಿದು ಕೊಟ್ಟಿದ್ದೆ.

ಅಳಿಯ: ಒಳಗೆ ಸ್ಪಾಂಜ್ ಇರೋ ಆ ರೆಕ್ಸಿನ್ ಚೀಲದಲ್ಲಿ ಹಾಕಿ. ಮೇ ತಿಂಗಳ ಮಳೆಗೆ ಸ್ಪಾಂಜ್ ತೇವ ಕುಡಿದಿದೆ, ಗ್ರೀಸನ್ನೂ ಕುಡಿದಿದೆ. ವಾಪಸ್ ಬಂದಾಗ ನಳಿಗೆ ಮೇಲೆ ಚೀಲದ ಹೊಲಿಗೆ ಗುರುತು ಮೂಡಿತ್ತು ಅಂತ ಅತ್ತೆ ಹೇಳಿದ್ರು.

ಮಾವ: ಅವಳು ಎಲ್ಲ ಹೇಳ್ತಾಳೆ. ಈ ಸಲ ಹಳೇ ಪಂಚೆಗೆ ಎಣ್ಣೆ ಹಚ್ಚಿ ಸುತ್ತಿ ಕೊಡ್ತೀನಿ, ಚೀಲ ಬೇಡ.

ಅಳಿಯ: ಅದೂ ಒಳ್ಳೇದೇ. ಆದ್ರೆ ನಿಮ್ಮ ಕೈ ಇನ್ನೆಷ್ಟು ವರ್ಷ? ತಪ್ಪು ತಿಳ್ಕೋಬೇಡಿ. ಮಗ ಬೆಂಗಳೂರಲ್ಲಿ, ಮಗಳು ಹೈದರಾಬಾದಲ್ಲಿ. ಅವರು ಇದನ್ನ ಮುಟ್ಟಲ್ಲ.

ಮಾವ: ಮುಟ್ಟದವನ ಮನೆಯಲ್ಲಿ ಕೋವಿ ತುಕ್ಕು ಹಿಡಿದರೆ ನಷ್ಟ ಯಾರಿಗೆ? ಗೋಡೆ ಮೇಲೆ ಹೊಳೀತಾ ಇರೋಕೆ ಇದು ಗಡಿಯಾರವಾ? ಕಪ್ಪು ಸವೆದಿರೋ ಈ ಜಾಗ ಇದೆಯಲ್ಲ, ಇದು ಅಪ್ಪನ ಎಡಗೈ ಜಾಗ. ನಿನ್ನ ಸ್ಪ್ರೇ ಬಳಿದರೆ ಅದು ಹೋಗುತ್ತೆ.

ಅಳಿಯ: ಬಳಿಯದಿದ್ದರೆ ಈ ಗುಳಿ ದೊಡ್ಡದಾಗುತ್ತೆ.

ಮಾವ: ಗುಳಿ ಇರೋದು ಮರದ ಕೆಳಗೆ. ಅಪ್ಪನ ಕೈ ಇರೋದು ಅದಕ್ಕಿಂತ ಮುಂದೆ.

ಅಳಿಯ: ಹಾಗಾದ್ರೆ ಮರ ಮುಚ್ಚೋ ಅಷ್ಟಕ್ಕೆ ಮಾತ್ರ ಲೇಪ ಹಾಕಿಸೋಣ. ಮೇಲೆ ಹಳೇ ಕಪ್ಪು ಹಾಗೇ ಇರಲಿ. ಅದಕ್ಕೆ ಮುಂಚೆ ಗುಳಿ ಎಷ್ಟು ಆಳ, ನಳಿಗೆ ಗೋಡೆ ಎಷ್ಟು ಉಳಿದಿದೆ ಅಂತ ರಿಪೇರಿಯವರು ಅಳೆದು ಹೇಳಲಿ. ಅಲ್ಲಿವರೆಗೆ ತೋಟಾ ಹಾಕಬೇಡಿ.

ಮಾವ: ಹಂದಿ ಬಂದ್ರೆ?

ಅಳಿಯ: ಪಟಾಕಿ ಹೊಡೀರಿ.

ಮಾವ: ಅಳೆಸೋದು ಸರಿ, ಅದಕ್ಕೆ ನಾನೇ ಬರ್ತೀನಿ. ಲೇಪದ ಮಾತು ಅಳೆದ ಮೇಲೆ. ಆದ್ರೆ ಖರ್ಚು ಮಾಡೋಕೆ ಮುಂಚೆ ಒಂದು ತೀರ್ಮಾನ ಆಗ್ಲಿ. ಐದು ವರ್ಷಕ್ಕೊಮ್ಮೆ ಲೈಸೆನ್ಸ್ ಹೊಸದು ಮಾಡಿಸಬೇಕು. ಮುಂದಿನ ಸಲ ನಿನ್ನ ಹೆಸರಿಗೆ ಅರ್ಜಿ ಹಾಕ್ತೀಯಾ? ಹಾಕೋದಾದ್ರೆ ನಿನಗೆ ಬೇಕಾದ ಬಣ್ಣ ಬಳ್ಕೋ.

ಅಳಿಯ: ಬೆಳೆ ರಕ್ಷಣೆಗೆ ಅಂತ ತಾನೇ ಕೊಡೋದು? ಪೀಣ್ಯದಲ್ಲಿ ನನ್ನದು ಯಾವ ಬೆಳೆ ಮಾವ?

ಮಾವ: ನಿಮ್ಮಮ್ಮನ ಪಾಲಿಗೆ ಬಂದಿರೋ ಎರಡೆಕರೆ ಇಲ್ಲೇ ಇದೆ. ಮೂರು ವರ್ಷದಿಂದ ಬೀಳು ಬಿಟ್ಟಿದೀರಿ. ಮೊದಲು ಅದಕ್ಕೆ ಕಡಲೆಕಾಯಿ ಹಾಕು.